ಗಿಡ್ಡಪಕ್ಕೆಯ ನಾಲ್ಕು ಮೀಸೆ

ಮೀನು ಕೊಳ್ಳುವಾಗ ಎಲ್ಲರೂ ಕಿವಿರು ಎತ್ತಿ ನೋಡುತ್ತಾರೆ. ಕೆಂಪಗಿದ್ದರೆ ಇವತ್ತಿನದು, ಬಿಳಿಚಿಕೊಂಡಿದ್ದರೆ ನಿನ್ನೆಯದು. ನಾನು ಮಾತ್ರ ಬಾಯಿ ನೋಡುತ್ತೇನೆ. ಬಾಯಿಯ ಒಳಗಲ್ಲ, ಮೇಲ್ದುಟಿಯ ಆಚೀಚೆ. ಅಲ್ಲಿ ಮೀಸೆ ಇದೆಯೇ, ಇದ್ದರೆ ಎಷ್ಟಿವೆ ಎಂದು. ಹೋದ ಭಾನುವಾರವೂ ಬುಟ್ಟಿಯಿಂದ ಒಂದನ್ನೆತ್ತಿ, ಕನ್ನಡಕವನ್ನು ಹಣೆಗೇರಿಸಿ, ಮೂಗಿಗೆ ತಗಲುವಷ್ಟು ಹತ್ತಿರ ಹಿಡಿದು ನೋಡುತ್ತಿದ್ದೆ. ಮಾರುವಾಕೆ ಸ್ವಲ್ಪ ಹೊತ್ತು ತಡೆದುಕೊಂಡು, "ಏನಕ್ಕಾ, ಅದರ ಜೊತೆ ಮಾತಾಡ್ತಾ ಇದ್ದೀರಾ?" ಎಂದಳು. ಸುತ್ತ ಇದ್ದ ಹೆಂಗಸರು ನಕ್ಕರು. ನಾನೂ ನಕ್ಕು, ಮೀನನ್ನು ಬುಟ್ಟಿಗೆ ಹಾಕಿ, ಅರ್ಧ ಕೆಜಿ ಬೇರೆ ಏನನ್ನೋ ಕೊಂಡು ಬಂದೆ. ಈ ಚಟ ನನಗೆ ಹತ್ತಿದ್ದು ಸುಮ್ಮನೆ ಅಲ್ಲ. ಒಂದು ಕಾಲದಲ್ಲಿ ಅದೇ ನನ್ನ ಓದಾಗಿತ್ತು, ಅದೇ ನನ್ನ ಉದ್ಯೋಗವಾಗಿತ್ತು, ಊರಿನವರ ಬಾಯಲ್ಲಿ ಅದೇ ನನ್ನ ಹೆಸರೂ ಆಗಿತ್ತು.

ಅದು ತೊಂಬತ್ತರ ದಶಕದ ನಡುವಿನ ಮಾತು. ನಾನು ಮದುವೆಯಾಗಿ ಪಾಂಡವಪುರಕ್ಕೆ ಬಂದ ಹೊಸದು. ಮೈಸೂರಿನಲ್ಲಿ ಎಂ.ಫಿಲ್.ಗೆ ಸೇರಿಕೊಂಡಿದ್ದೆ. ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್.ಪೇಟೆ, ನಾಗಮಂಗಲ, ಈ ನಾಲ್ಕು ತಾಲೂಕಿನ ಹೊಳೆ ಕೆರೆ ನಾಲೆಗಳಲ್ಲಿ ಪಕ್ಕೆ ಜಾತಿಯ ಮೀನುಗಳು ಯಾವ್ಯಾವುವು, ಎಲ್ಲೆಲ್ಲಿವೆ, ಹೇಗೆ ಬದುಕುತ್ತವೆ ಎಂದು ತಿಳಿದು ಬರೆಯುವುದು ನನ್ನ ಕೆಲಸ. ಕೇಳಲು ಗಂಭೀರವಾಗಿದೆ, ಅಲ್ಲವೇ? ಮಾಡುವಾಗ ಅದು ಹಳೆ ಬಕೆಟ್ಟು, ಹರಿದ ಚಪ್ಪಲಿ, ಒದ್ದೆ ಸೀರೆ ಮತ್ತು ಬಸ್ಸಿನಲ್ಲಿ ಪಕ್ಕದವರು ಮೂಗು ಮುಚ್ಚಿಕೊಳ್ಳುವುದು, ಇಷ್ಟೇ.

ಪಕ್ಕೆ ನಿಮಗೆ ಗೊತ್ತಿರುತ್ತದೆ. ಹೆಸರು ಗೊತ್ತಿಲ್ಲದಿದ್ದರೂ ಮೀನು ಗೊತ್ತಿರುತ್ತದೆ. ಹೊಳೆಯ ಮೆಟ್ಟಿಲ ಮೇಲೆ ಕೂತು ಕಾಲು ಇಳಿಬಿಟ್ಟರೆ ಬಂದು ಹಿಮ್ಮಡಿಗೆ ಕಚಗುಳಿ ಇಡುತ್ತದಲ್ಲ, ಬೆಳ್ಳಿಯ ಬಣ್ಣದ, ಎರಡೂ ಪಕ್ಕ ಚಪ್ಪಟೆಯಾದ ಮೀನು, ಅದೇ. ಕೆ.ಆರ್.ಪೇಟೆ ತಾಲೂಕಿನಲ್ಲಿ ಹೇಮಾವತಿ ದಂಡೆಯ ನನ್ನಜ್ಜಿಯ ಊರಲ್ಲಿ, ರಜೆ ಬಂತೆಂದರೆ ನನ್ನ ಲಂಗದ ತುದಿಯೇ ಬಲೆ. ಹೀಗೆ ಹಿಡಿದ ಏಳೆಂಟು ಮೀನುಗಳನ್ನು ಒಮ್ಮೆ ಅಡುಗೆಮನೆಯ ಕುಡಿಯುವ ನೀರಿನ ಹಂಡೆಗೆ ಬಿಟ್ಟಿದ್ದೆ. ಹೊಲದಿಂದ ಬಂದ ತಾತ ಲೋಟ ಅದ್ದಿ ಗಟಗಟ ಕುಡಿದು, ಅರ್ಧದಲ್ಲಿ ನಿಲ್ಲಿಸಿ, ಅಜ್ಜಿಯ ಮುಖ ನೋಡಿ, "ನೀರು ಒದ್ದಾಡ್ತದಲ್ಲೇ!" ಅಂದಿದ್ದರು. ನನ್ನ ಪ್ರಾಣಿಶಾಸ್ತ್ರದ ಮೊದಲ ಪ್ರಯೋಗ ಅದು. ಅದಕ್ಕೆ ಸಿಕ್ಕ ಅಂಕಗಳು ಬೆನ್ನ ಮೇಲೆ ಮೂಡಿದವು.

ಪಕ್ಕೆಗಳಲ್ಲಿ ಹತ್ತಾರು ಬಗೆ. ಎಲ್ಲವೂ ನೋಡಲು ಒಂದೇ ತಾಯಿಯ ಮಕ್ಕಳಂತೆ ಇರುತ್ತವೆ. ಯಾವುದು ಯಾವುದೆಂದು ಹೇಳಬೇಕಾದರೆ ಪಕ್ಕದ ಗೆರೆಯ ಉದ್ದಕ್ಕೂ ಮೈಮೇಲಿನ ಹುರುಪೆ ಎಣಿಸಬೇಕು, ಆಮೇಲೆ ಮೀಸೆ ಎಣಿಸಬೇಕು. ಕೆಲವಕ್ಕೆ ಮೀಸೆಯೇ ಇಲ್ಲ. ಕೆಲವಕ್ಕೆ ಎರಡು. ಹೆಸರಲ್ಲಿ ಗಿಡ್ಡವಾದರೂ ಮೈಯಲ್ಲಿ ದೊಡ್ಡದಾದ ಗಿಡ್ಡಪಕ್ಕೆಗೆ ನಾಲ್ಕು. ಈ ಮೀಸೆ ಶೋಕಿಗೆ ಇರುವುದಲ್ಲ. ಅದರ ತುಂಬ ರುಚಿ ತಿಳಿಯುವ ಮೊಗ್ಗುಗಳಿರುತ್ತವೆ. ಕಣ್ಣು ಕಾಣದ ಬಗ್ಗಡದಲ್ಲಿ, ಕೆರೆಯ ತಳದ ಕೆಸರನ್ನು ಮೀಸೆಯಿಂದ ತಡಕಾಡಿ, ಇದು ತಿನ್ನುವುದೋ ಬಿಡುವುದೋ ಎಂದು ಅದು ಬಾಯಿಗೆ ಹಾಕಿಕೊಳ್ಳುವ ಮೊದಲೇ ತಿಳಿದುಕೊಳ್ಳುತ್ತದೆ. ದವಡೆಯಲ್ಲಿ ಹಲ್ಲಿಲ್ಲ, ಹಲ್ಲೆಲ್ಲ ಗಂಟಲಲ್ಲಿ. ನಾಲಿಗೆಯನ್ನು ಹೊರಗಿಟ್ಟುಕೊಂಡು, ಹಲ್ಲನ್ನು ಒಳಗೆ ಬಚ್ಚಿಟ್ಟುಕೊಂಡು ಓಡಾಡುವ ಈ ಪ್ರಾಣಿಯ ಮೇಲೆ ನನಗೆ ಆಗಲೂ ಪ್ರೀತಿ, ಈಗಲೂ ಪ್ರೀತಿ.

ನನ್ನ ಅತ್ತೆ ನಿಂಗಮ್ಮನಿಗೂ ಮೀನಿನ ಮೇಲೆ ಪ್ರೀತಿಯೇ. ಆದರೆ ಅವರ ಪ್ರೀತಿ ಹುಣಸೆಹುಳಿ ಮತ್ತು ಖಾರದ ದಾರಿಯದು. ಮಾವ ತೀರಿಕೊಂಡು ಬಹಳ ವರ್ಷವಾಗಿತ್ತು. ಮನೆಯಲ್ಲಿ ಅತ್ತೆ, ಚಿನಕುರಳಿಯಲ್ಲಿ ಮೇಷ್ಟರಾಗಿದ್ದ ನನ್ನ ಯಜಮಾನರು, ನಾನು ಮತ್ತು ಎರಡು ಎಮ್ಮೆ. ಮದುವೆಯ ಮಾತುಕತೆಯಲ್ಲಿ ನನ್ನಪ್ಪ ಹಿಂಜರಿಯುತ್ತಲೇ, ಹುಡುಗಿ ಇನ್ನೂ ಓದುತ್ತಾಳಂತೆ ಎಂದಾಗ ಅತ್ತೆ, "ಓದ್ಕಳ್ಳಿ ಬುಡಿ. ಎಮ್ಮೆ ನಂದು, ಓದು ಅವ್ಳುದು" ಎಂದು ಒಂದೇ ಮಾತಲ್ಲಿ ಮುಗಿಸಿದ್ದರು. ಆದರೆ ಆ ಓದು ಗಾಜಿನ ಬಾಟಲಿಗಳಲ್ಲಿ ತುಂಬಿ ಬಚ್ಚಲುಮನೆಯ ಅಟ್ಟ ಏರುತ್ತದೆಂದು ಅವರಿಗೆ ಗೊತ್ತಿರಲಿಲ್ಲ. ಫಾರ್ಮಲಿನ್ ಔಷಧಿಯಲ್ಲಿ ಮುಳುಗಿ ನಿಂತ ಮೀನುಗಳನ್ನು ಸ್ನಾನಕ್ಕೆ ಹೋದಾಗಲೆಲ್ಲ ನೋಡಿ ಹೊಟ್ಟೆ ಉರಿದುಕೊಳ್ಳುವರು. "ಸಾರಿಗಾಗೋ ಮೀನ್ನ ತಂದು ಔಷ್ದಿಗಾಕ್ತಳಲ್ಲಪ್ಪ ಇವ್ಳು!" ಡೈರಿಯ ಸಾಲಿನಲ್ಲಿ ಯಾರೋ, ನಿಮ್ಮ ಸೊಸೆ ಏನು ಓದ್ತಾವ್ಳೆ ಎಂದು ಕೇಳಿದ್ದಕ್ಕೆ, "ಮೀನಿನ ಮೀಸೆ ಎಣಿಸ್ತಾವ್ಳೆ" ಎಂದಿದ್ದರಂತೆ. ಅಂದಿನಿಂದ ನಾನು ಬೀದಿಗೆಲ್ಲ ಮೀಸೆ ಎಣಿಸೋ ಸೊಸೆ.

ಶ್ರೀರಂಗಪಟ್ಟಣದಲ್ಲಿ ನನಗೆ ಮೀನು ಕೊಡುತ್ತಿದ್ದವನು ಬೋರಯ್ಯ. ಕರಿಘಟ್ಟದ ಬುಡದಲ್ಲಿ, ಲೋಕಪಾವನಿ ಬಂದು ಕಾವೇರಿಗೆ ಸೇರುವಲ್ಲಿ ಹರಿಗೋಲು ಇಟ್ಟುಕೊಂಡು ಬಲೆ ಬಿಡುತ್ತಿದ್ದ. ವಾರಕ್ಕೊಮ್ಮೆ ಹೋದರೆ ನನ್ನ ಪಾಲಿನ ಪಕ್ಕೆಗಳನ್ನು ಒದ್ದೆ ಗೋಣಿಯಲ್ಲಿ ಸುತ್ತಿ ಇಟ್ಟಿರುವನು. ಅವನ ಬಲೆಗೆ ನಾಲ್ಕು ಮೀಸೆಯ ಗಿಡ್ಡಪಕ್ಕೆ ಧಾರಾಳವಾಗಿ ಬೀಳುತ್ತಿತ್ತು. ಕೆ.ಆರ್.ಪೇಟೆಯ ಕಡೆ ಹೇಮಾವತಿಯಲ್ಲೂ ಸಿಕ್ಕಿತು. ಪಾಂಡವಪುರದ ಕೆರೆಗಳಲ್ಲೂ ನಾಲೆಯಲ್ಲೂ ಸಿಕ್ಕಿತು. ನಾಗಮಂಗಲದಲ್ಲಿ ಮಾತ್ರ ಇಲ್ಲ. ನಾಲ್ಕು ಸಲ ಹೋಗಿ ಬಂದರೂ ಇಲ್ಲ. ಮೈಸೂರಿನಲ್ಲಿ ನನಗೆ ಮಾರ್ಗದರ್ಶಕರಾಗಿದ್ದ ಮೇಷ್ಟರು, "ಆ ಕಡೆ ಕೆರೆಗಳೆಲ್ಲ ಮಳೆ ನಂಬಿದವು. ಬೇಸಿಗೆಯಲ್ಲಿ ತಳ ಬಿರಿಯುತ್ತೆ. ಚಿಕ್ಕಪುಟ್ಟವು ಹೇಗೋ ಉಳಿದುಕೊಳ್ಳುತ್ತವೆ, ದೊಡ್ಡದು ಉಳಿಯಲ್ಲ. ಸಿಗಲಿಲ್ಲ ಅನ್ನೋದೂ ಒಂದು ಫಲಿತಾಂಶವೇ" ಎಂದರು.

ಒಂದು ಸಂಜೆ ನಡುಮನೆಯ ನೆಲದ ಮೇಲೆ ನಕ್ಷೆ ಹರಡಿಕೊಂಡು ಚುಕ್ಕೆ ಇಡುತ್ತಿದ್ದೆ. ಮೀಸೆಯಿಲ್ಲದ್ದಕ್ಕೆ ಹಸಿರು, ಎರಡು ಮೀಸೆಗೆ ನೀಲಿ, ನಾಲ್ಕಕ್ಕೆ ಕೆಂಪು. ಹಾಲು ಕರೆದು ಬಂದ ಅತ್ತೆ ಬಾಗಿ ನೋಡಿದರು.

"ಇದ್ರಲ್ಲಿ ನಮ್ಮೂರೆಲ್ಲಿ ಬತ್ತದಮ್ಮಿ?"

ಅವರ ತವರು ನಾಗಮಂಗಲ ತಾಲೂಕಿನಲ್ಲಿ, ಬೆಳ್ಳೂರು ಕ್ರಾಸಿನಿಂದ ಒಳಕ್ಕೆ ನಾಲ್ಕೈದು ಮೈಲಿ. ತೋರಿಸಿದೆ.

"ಅಲ್ಲಿ ಕೆಂಪು ಚುಕ್ಕೆನೇ ಇಲ್ವಲ್ಲ?"

"ಗಿಡ್ಡಪಕ್ಕೆ ಆ ಕಡೆ ಇಲ್ಲ ಅತ್ತೆ."

"ಯಾವನಂದವ್ನು?" ಎಂದು ಹಾಲಿನ ಪಾತ್ರೆಯನ್ನು ಕೆಳಗಿಟ್ಟೇಬಿಟ್ಟರು. "ನಮ್ಮವ್ವ ಮಾಡ್ತಿದ್ದ ಗಿಡ್ಡಪಕ್ಕೆ ಸಾರು ತಿಂದು ಬೆಳ್ದೋಳು ನಾನು. ಹೊಸ ನೀರಿಗೆ ಕೆರೆಯಿಂದ ಗದ್ದೆಗೆ ಮೀನು ಹತ್ತವು. ನಾನೂ ನನ್ನ ತಮ್ಮನೂ ಕುಕ್ಕೆ ಇಟ್ಕಂಡು ಕಾಯ್ತಿದ್ದೋ. ನಾಕು ಮೀಸೆ ಇತ್ತೋ ಆರು ಮೀಸೆ ಇತ್ತೋ ನಾನು ಎಣಿಸ್ನಿಲ್ಲ. ಮೀನಂತೂ ಅದೇ."

ತಮ್ಮ ಎಂಬ ಮಾತು ಅತ್ತೆಯ ಬಾಯಿಂದ ನಾನು ಕೇಳಿದ್ದು ಅದೇ ಮೊದಲು. ಅವರಿಗೆ ಒಬ್ಬ ತಮ್ಮನಿರುವುದು, ಹೆಸರು ಪುಟ್ಟಸ್ವಾಮಿ ಎಂಬುದು, ನಮ್ಮ ಮದುವೆಯಲ್ಲಿ ಮೂಲೆಯಲ್ಲಿ ಕೂತು ಅಕ್ಷತೆ ಹಾಕಿ ಊಟ ಮಾಡದೆ ಹೋದ ಮನುಷ್ಯ ಅವರೇ ಎಂಬುದು, ಆಮೇಲೆ ಯಜಮಾನರಿಂದ ತಿಳಿಯಿತು. ಹನ್ನೊಂದು ವರ್ಷದ ಹಿಂದೆ ಅತ್ತೆಯ ತಾಯಿ ತೀರಿಕೊಂಡಾಗ ಸುದ್ದಿ ಪಾಂಡವಪುರಕ್ಕೆ ಬಂದದ್ದು ಬೆಳಗ್ಗೆ. ಅತ್ತೆ ಸಿಕ್ಕ ಬಸ್ಸು ಹತ್ತಿದರು. ಒಂದು ಬಸ್ಸು ದಾರಿಯಲ್ಲಿ ಕೆಟ್ಟಿತು, ಇನ್ನೊಂದು ಬರಲೇ ಇಲ್ಲ. ಕ್ರಾಸಿನಿಂದ ನಡೆದು ಊರು ಸೇರುವ ಹೊತ್ತಿಗೆ ಮಣ್ಣು ಮಾಡಿ ಎಲ್ಲರೂ ಕೈಕಾಲು ತೊಳೆಯುತ್ತಿದ್ದರು. ಅತ್ತೆ ತಾಯಿಯ ಮುಖ ನೋಡಲಿಲ್ಲ. ಮಣ್ಣಿನ ಗುಡ್ಡೆಗೆ ಕೈಮುಗಿದು, ತಮ್ಮನ ಮನೆಯ ಹೊಸಲು ತುಳಿಯದೆ, ಒಂದು ತೊಟ್ಟು ನೀರು ಕುಡಿಯದೆ, ಬಂದ ದಾರಿಯಲ್ಲೇ ನಡೆದು ವಾಪಸಾದರು. ಆಮೇಲೆ ಮಾತೂ ಇಲ್ಲ, ಹೋಗಿಬರುವುದೂ ಇಲ್ಲ.

"ಹೇಳಿ ಹೇಳಿ ಸಾಕಾಗಿದೆ. ಈ ವಿಷಯದಲ್ಲಿ ಅಮ್ಮ ಕಲ್ಲು" ಎಂದರು ಯಜಮಾನರು.

ಆ ಕಲ್ಲು ಮೊದಲ ಮಳೆ ಬಿದ್ದ ವಾರ ಬೆಳಗ್ಗೆ ಎದ್ದು, ಎಮ್ಮೆಗಳನ್ನು ಪಕ್ಕದ ಮನೆಯವರಿಗೆ ಒಪ್ಪಿಸಿ, ಸೀರೆ ಬದಲಿಸಿ ನನ್ನ ಮುಂದೆ ನಿಂತಿತು. "ನಡಿಯಮ್ಮಿ. ನಾನು ತೋರಿಸ್ತೀನಿ ಬಾ." ನಾನು ಬೆರಗಾಗಿ ನೋಡುತ್ತಿದ್ದಂತೆ, "ಹೋಯ್ತಿರೋದು ತವರಿಗಲ್ಲ, ಕೆರೆಗೆ" ಎಂದು ಸೇರಿಸಿದರು.

ಬೆಳ್ಳೂರು ಕ್ರಾಸಿನಲ್ಲಿ ಬಸ್ಸಿಳಿದಾಗ ಹೋಟೆಲುಗಳ ಮುಂದೆ ಲಾರಿಗಳು ಸಾಲು ನಿಂತಿದ್ದವು. ಹಸಿವಾಗಿತ್ತು. ಇಡ್ಲಿ ತಿನ್ನೋಣವೇ ಎಂದೆ. ಅತ್ತೆ ನನ್ನ ಮಾತು ಕೇಳಿಸಿಕೊಳ್ಳಲಿಲ್ಲ. ರಸ್ತೆಯ ಆ ಬದಿಯ ಒಂದು ಮರವನ್ನೇ ನೋಡುತ್ತಿದ್ದರು.

"ಅಲ್ಲೇ ಕಣಮ್ಮಿ ನಿಂತಿದ್ದೆ ಅವತ್ತು. ಬಸ್ಸು ಬತ್ತದೆ ಬತ್ತದೆ ಅಂತ. ಮೊದ್ಲೇ ನಡ್ದಿದ್ರೆ ಮುಖ ಸಿಕ್ಕದು."

ಅಷ್ಟೇ ಹೇಳಿದರು. ಆಮೇಲೆ ಸೆರಗು ಸೊಂಟಕ್ಕೆ ಸಿಕ್ಕಿಸಿ ಮುಂದೆ ನಡೆದರು. ನಾನು ಬಕೆಟ್ಟು, ಬಾಟಲಿ, ಬಲೆ ಹೊತ್ತು ಹಿಂದೆ ನಡೆದೆ. ಆಗ ಅವರಿಗೆ ಅರವತ್ತು. ನನಗೆ ಇಪ್ಪತ್ತಾರು. ಏದುಸಿರು ಬಿಡುತ್ತಿದ್ದವಳು ನಾನು.

ಕೆರೆಗೆ ಹೊಸ ನೀರು ಬಂದಿತ್ತು. ಕೆಂಪು ಬಗ್ಗಡ. ಪಕ್ಕೆಗಳು ಮೊಟ್ಟೆ ಇಡುವುದು ಇಂಥ ಹೊತ್ತಿನಲ್ಲೇ. ಹರಿದು ಬರುವ ನೀರಿಗೆ ಎದುರಾಗಿ ಈಜಿ, ಹಳ್ಳ ಹತ್ತಿ, ಹುಲ್ಲು ಮುಳುಗಿದ ತೆಳು ನೀರನ್ನು ಹುಡುಕಿಕೊಂಡು ಹೋಗುತ್ತವೆ. ಅತ್ತೆ ನನ್ನನ್ನು ಕೇಳದೆ ನೇರವಾಗಿ ಕೆರೆಯ ಹಿಂಬದಿಯ ಒಂದು ಹಳ್ಳಕ್ಕೆ ಇಳಿದು, ಮೊಣಕಾಲಿನವರೆಗೆ ನೀರಲ್ಲಿ ನಿಂತು, ಬಲೆಯ ಒಂದು ತುದಿ ನನ್ನ ಕೈಗೆ ಕೊಟ್ಟರು. ಪುಸ್ತಕ ಓದಿ ಎರಡು ವರ್ಷದಲ್ಲಿ ನಾನು ತಿಳಿದುಕೊಂಡಿದ್ದ ಜಾಗ ಅವರ ಕಾಲಿಗೆ ಗೊತ್ತಿತ್ತು.

ಊರು ಚಿಕ್ಕದು. ಅರ್ಧ ಗಂಟೆಯೊಳಗೆ ಏರಿಯ ಮೇಲಿಂದ ಒಬ್ಬರು ಹೆಗಲ ಟವೆಲ್ಲು ಜಾರುತ್ತಿದ್ದರೂ ಲೆಕ್ಕಿಸದೆ ಓಡೋಡಿ ಬಂದರು. ಪುಟ್ಟಸ್ವಾಮಿ ಮಾವ. ಹಳ್ಳದ ದಡದಲ್ಲಿ ಗಕ್ಕನೆ ನಿಂತು, "ಅಕ್ಕಾ" ಎಂದರು. ಅತ್ತೆ ತಲೆ ಎತ್ತಲಿಲ್ಲ. ಮಾವ ಪಂಚೆ ಎತ್ತಿಕಟ್ಟಿ ನೀರಿಗಿಳಿದು ಬಲೆಯ ನಡುವನ್ನು ಹಿಡಿದುಕೊಂಡರು. ಆಮೇಲೆ ನಡೆದ ಸಂಭಾಷಣೆಗೆ ನಾನು ಅಂಚೆ ಪೆಟ್ಟಿಗೆ.

"ನಿಮ್ಮ ಮಾವಂಗೆ ಹೇಳು, ಅಲ್ಲಿ ಬಲೆ ತೂತಾಗದೆ ಅಂತ."

"ಅಕ್ಕಂಗೆ ಹೇಳವ್ವ, ಅದು ತೂತಲ್ಲ, ಬಲೆ ಕಣ್ಣು ಅಂತ."

"ಆ ಕಣ್ಣಲ್ಲಿ ಎಮ್ಮೆ ತೂರ್ತದೆ ಅಂತ ಹೇಳು."

ಇಬ್ಬರೂ ನನಗಿಂತ ಮೂರು ಅಡಿ ದೂರದಲ್ಲಿದ್ದರು. ನನಗೆ ನಗು ತಡೆಯುವುದೇ ಕಷ್ಟವಾಗಿ, ಕಾಲು ಜಾರಿ ಸೊಂಟದವರೆಗೆ ನೀರಲ್ಲಿ ಕೂತೆ. ಇಬ್ಬರೂ ಒಟ್ಟಿಗೆ ಕೈ ಚಾಚಿ ಎತ್ತಿದರು. ಎತ್ತುವಾಗ ಒಬ್ಬರ ಕೈ ಒಬ್ಬರಿಗೆ ತಗುಲಿತು. ಅತ್ತೆ ಬೇಗ ಹಿಂದಕ್ಕೆ ಎಳೆದುಕೊಂಡರು.

ಮೀನೇನೋ ಸಿಕ್ಕವು. ಬಾಲದ ಬುಡದಲ್ಲಿ ಕಪ್ಪು ಬೊಟ್ಟಿನ ಸಣ್ಣವು, ಮೀಸೆಯಿಲ್ಲದವು. ಎರಡು ಮೀಸೆಯವೂ ಐದಾರು. ನಾಲ್ಕರದ್ದು ಒಂದೂ ಇಲ್ಲ. ಪ್ರತಿ ಸಲ ಬಲೆ ಎತ್ತಿದಾಗಲೂ ಅತ್ತೆ ನನ್ನ ಮುಖ ನೋಡುವರು, ನಾನು ಇಲ್ಲವೆಂದು ತಲೆಯಾಡಿಸುವೆ. ಕೊನೆಗೆ ಮಾವ ದಡದಲ್ಲಿ ಕೂತು ನನಗೇ ಹೇಳುವಂತೆ ಹೇಳಿದರು. "ಇತ್ತವ್ವ, ಸುಳ್ಳಲ್ಲ. ಒಂದು ಬ್ಯಾಸ್ಗೆಲಿ ಕೆರೆ ಪೂರಾ ಒಣಗೋಯ್ತು, ನೆಲ ಬಿರ್ಕು ಬುಟ್ಟಿತ್ತು. ಆಮ್ಯಾಕೆ ನೀರು ಬಂತು, ಯಾರೋ ಜಿಲೇಬಿ ಮೀನು ತಂದು ಬುಟ್ರು, ಅದು ಬೇರೆ ಮೀನಿನ ಮರಿನೆಲ್ಲ ನುಂಗಾಕ್ತು. ಗಿಡ್ಡಪಕ್ಕೆ ನಾನು ನೋಡಿ ಬಾಳಾ ವರ್ಸ ಆಯ್ತು." ಆಮೇಲೆ ಎದ್ದು, ಬೇರೆಲ್ಲೋ ನೋಡುತ್ತಾ, "ಮನೇಲಿ ಮುದ್ದೆ ಆಗದೆ. ಅಕ್ಕಂಗೆ ಹೇಳು" ಎಂದರು.

"ಹೊತ್ತಾಗೋಯ್ತು ಅಂತ ಹೇಳು" ಎಂದರು ಅತ್ತೆ.

ನಾವು ತಿರುವು ದಾಟುವವರೆಗೆ ಮಾವ ಏರಿಯ ಮೇಲೆ ನಿಂತೇ ಇದ್ದರು. ಬಸ್ಸಿನಲ್ಲಿ ಅತ್ತೆ ಕಿಟಕಿಗೆ ಮುಖ ಮಾಡಿ ಕೂತಿದ್ದರು. ನಾಗಮಂಗಲ ದಾಟಿದ ಮೇಲೆ ಒಮ್ಮೆ, "ಇತ್ತು ಕಣಮ್ಮಿ" ಎಂದರು. ಅದು ಮೀನಿನ ವಿಷಯವೇ ಎಂದು ನಾನು ಕೇಳಲು ಹೋಗಲಿಲ್ಲ.

ಒಂದೂವರೆ ತಿಂಗಳು ಕಳೆದಿರಬೇಕು. ಒಂದು ಮಧ್ಯಾಹ್ನ ನಮ್ಮ ಬಾಗಿಲಲ್ಲಿ ಪುಟ್ಟಸ್ವಾಮಿ ಮಾವ ನಿಂತಿದ್ದಾರೆ. ಕೈಯಲ್ಲಿ ಡೈರಿಗೆ ಹಾಲು ಹಾಕುವ ಕ್ಯಾನು. ಅಂಗಿಯ ಮುಂಭಾಗವೆಲ್ಲ ಒದ್ದೆ. ನಾನು ಒಳಗೆ ಬನ್ನಿ ಎನ್ನುವ ಮೊದಲೇ ಜಗಲಿಯ ಮೇಲೆ ಕ್ಯಾನನ್ನಿಟ್ಟು ಮುಚ್ಚಳ ತೆಗೆದರು.

"ಎಣಿಸವ್ವ, ಎಣಿಸು. ನಾಕದೆ."

ಒಳಗೆ ಒಂದು ಗೇಣುದ್ದದ ಮೀನು, ಜೀವಂತ, ಬಾಯಿ ತೆರೆದು ಮುಚ್ಚಿ ಮಾಡುತ್ತಿತ್ತು. ನಾನು ಭೂತಗನ್ನಡಿ ತರಲು ಓಡಿದೆ. ಅದರ ಅಗತ್ಯವೇ ಇರಲಿಲ್ಲ. ಮೂತಿಯ ತುದಿಯಲ್ಲಿ ಎರಡು, ಬಾಯಿಯ ಮೂಲೆಗಳಲ್ಲಿ ಎರಡು. ಗಿಡ್ಡಪಕ್ಕೆ! ಹುರುಪೆ ಎಣಿಸಿದೆ. ಸಂಶಯವೇ ಇಲ್ಲ.

"ಎಲ್ಲಿ ಸಿಕ್ತು ಮಾವ?"

"ನಮ್ಮ ಕೆರೇಲೇ. ಇನ್ನೆಲ್ಲಿ?" ಎಂದು ಟವೆಲ್ಲಿನಿಂದ ಮುಖ ಒರೆಸಿಕೊಂಡರು. ಒರೆಸಿಯೇ ಒರೆಸಿದರು.

ಅಷ್ಟರಲ್ಲಿ ಅತ್ತೆ ಒಳಗಿನಿಂದ ಬಂದರು. ಕ್ಯಾನಿನೊಳಗೆ ಬಾಗಿ ನೋಡಿದರು. ಮೀನನ್ನೂ ನೋಡಿದರು, ನೀರನ್ನೂ ನೋಡಿದರು. ಒಳಗೆ ಹೋಗಿ ಒಲೆ ಹಚ್ಚಿ, ಸ್ವಲ್ಪ ಹೊತ್ತಿನ ಮೇಲೆ ನನ್ನನ್ನು ಕರೆದು ಲೋಟ ಕೈಗಿತ್ತು, "ನಿಮ್ಮ ಮಾವಂಗೆ ಕಾಫಿ ಕೊಡು. ಸಕ್ರೆ ಜಾಸ್ತಿ ಹಾಕಿವ್ನಿ" ಎಂದರು. ಹನ್ನೊಂದು ವರ್ಷದ ಮೇಲೆ ತಮ್ಮನ ಕಾಫಿಗೆ ಸಕ್ಕರೆ ಎಷ್ಟು ಎಂಬುದು ಅವರಿಗೆ ನೆನಪಿತ್ತು. ಮಾವ ಎರಡೂ ಕೈಯಲ್ಲಿ ಲೋಟ ಹಿಡಿದು ಬಹಳ ಹೊತ್ತು ಕುಡಿದರು.

ನನ್ನ ಸಂಭ್ರಮ ಕೇಳಬೇಡಿ. ಮೀನನ್ನು ಬಾಟಲಿಗೆ ಹಾಕಿ ಚೀಟಿ ಬರೆದು ಅಂಟಿಸಿದೆ. ಸಿಕ್ಕ ಸ್ಥಳ: ನಾಗಮಂಗಲ ತಾಲೂಕು. ನಕ್ಷೆಯಲ್ಲಿ ಪೆನ್ಸಿಲಿನಿಂದ ಚುಕ್ಕೆ ಇಟ್ಟೆ. ಮರುದಿನವೇ ಮೈಸೂರಿಗೆ ಹೋಗಿ ಮೇಷ್ಟರಿಗೆ ವರದಿ ಒಪ್ಪಿಸಿದೆ. ಅವರೂ ಕುರ್ಚಿಯಿಂದ ಅರ್ಧ ಎದ್ದು, "ಹೌದಾ! ಹಾಗಾದರೆ ಒಂದು ಅಧ್ಯಾಯವನ್ನೇ ಬದಲಿಸಬೇಕಲ್ಲ" ಎಂದರು. ಬರುವಾಗ ಬಸ್ಸಿನಲ್ಲಿ ನಿಂತೇ ಬಂದರೂ ನನಗೆ ಕಾಲು ನೋಯಲಿಲ್ಲ.

ಆ ವಾರದ ಕೊನೆಗೆ ಬೋರಯ್ಯನ ಹತ್ತಿರ ಹೋದೆ. ಹರಿಗೋಲು ಮಗುಚಿಟ್ಟು ನೆರಳು ಮಾಡಿಕೊಂಡು ಕೂತಿದ್ದ ಬೋರಯ್ಯ ನನ್ನನ್ನು ಕಂಡದ್ದೇ ನಗಲು ಶುರುಮಾಡಿದ.

"ನಿಮ್ಮಂಗೇ ಇನ್ನೊಬ್ರು ಉಟ್ಕಂಡವ್ರೆ ಕಣವ್ವ ಮೀಸೆ ಎಣಿಸೋರು! ಒಬ್ಬ ಯಜಮಾನ್ರು, ಆಲಿನ ಕ್ಯಾನು ಇಡ್ಕಂಡು ಬಂದಿದ್ರು. ನಾಕು ಮೀಸೆದೇ ಬೇಕು, ಜೀವ ಇರ್ಬೇಕು ಅಂತ. ಮೊದ್ಲು ದಿನದ್ದು ಬಸ್ಟ್ಯಾಂಡಲ್ಲೇ ಸತ್ತೋಯ್ತಂತೆ. ಮಾರ್ನೆ ದಿನ ಬಂದ್ರು, ಅದೂ ಸತ್ತೋಯ್ತು. ಮೂರ್ನೆ ದಿನನೂ ಬಂದ್ಬುಟ್ರು ನೋಡಿ! ಅಲ್ಲ ಸೋಮಿ, ಸಾರಿಗೆ ಸತ್ತಿದ್ರೇನು ಬದ್ಕಿದ್ರೇನು ಅಂದೆ. ಸಾರಿಗಲ್ಲ ಕಣಯ್ಯ, ನಮ್ಮಕ್ಕಂಗೆ ಅಂದ್ರು."

"ಯಾವ ಊರಂತೆ?" ಎಂದೆ. ಕೇಳುವ ಅಗತ್ಯವಿರಲಿಲ್ಲ.

"ನಾಗಮಂಗ್ಲದ ಕಡೆಯೋರಂತೆ."

ನಾನು ಹೊಳೆಯ ದಡದಲ್ಲಿ ಕೂತೆ. ಕರಿಘಟ್ಟದ ಬುಡದಲ್ಲಿ ಈ ಮೀನು ಬೇಕಾದಷ್ಟು ಸಿಗುತ್ತದೆ ಎಂದು ಅವತ್ತು ಹಳ್ಳದ ದಡದಲ್ಲಿ ಮಾವನಿಗೆ ಹೇಳಿದವಳು ನಾನೇ. ನಗು ಬಂತು. ಆಮೇಲೆ ನಗು ಹೋಯಿತು. ಒಬ್ಬ ಐವತ್ತೈದು ವರ್ಷದ ಮನುಷ್ಯ ಮೂರು ದಿನ ಅಲ್ಲಿಂದ ಇಲ್ಲಿಗೆ ಬಸ್ಸು ಬದಲಿಸಿಕೊಂಡು ಬಂದು, ಕ್ಯಾನಿನ ನೀರು ಅಲುಗಾಡದಂತೆ ತೊಡೆಯ ಮೇಲಿಟ್ಟುಕೊಂಡು, ದಾರಿಯುದ್ದಕ್ಕೂ ಮುಚ್ಚಳ ತೆಗೆದು ಜೀವ ಇದೆಯೇ ಎಂದು ನೋಡಿಕೊಂಡು ಹೋಗಿದ್ದು ಕಣ್ಣಿಗೆ ಕಟ್ಟಿತು. ಆ ಚುಕ್ಕೆಯನ್ನು ನಾನು ಹೇಗೆ ಅಳಿಸಲಿ? ಅಳಿಸದೆ ಹೇಗಿರಲಿ? ಅಳಿಸಿದರೆ ಕಾರಣ ಕೇಳುವ ಅತ್ತೆಗೆ ಏನೆಂದು ಹೇಳಲಿ? ಇಷ್ಟು ವರ್ಷದ ಮೇಲೆ ಒಂದು ಲೋಟ ಕಾಫಿ ಆ ಕಡೆಯಿಂದ ಈ ಕಡೆಗೆ ದಾಟಿತ್ತು. ತಮ್ಮ ಸುಳ್ಳು ಹೇಳಿದ ಎಂದು ಗೊತ್ತಾದರೆ ಅದೂ ನಿಲ್ಲುವುದಿಲ್ಲವೇ?

ಮೂರು ದಿನ ಚೆನ್ನಾಗಿ ನಿದ್ದೆ ಬರಲಿಲ್ಲ. ಕೊನೆಗೆ ನಕ್ಷೆ ತೆಗೆದು ರಬ್ಬರಿನಿಂದ ಚುಕ್ಕೆ ಉಜ್ಜಿದೆ. ಬಾಟಲಿಯ ಚೀಟಿ ಕಿತ್ತು, ಶ್ರೀರಂಗಪಟ್ಟಣ ಎಂದು ಬರೆದು ಅಂಟಿಸಿದೆ. ಮೈಸೂರಿಗೆ ಹೋಗಿ ಮೇಷ್ಟರ ಮುಂದೆ ತಲೆ ತಗ್ಗಿಸಿ ನಿಂತು, ಎಲ್ಲವನ್ನೂ ಹೇಳಿದೆ. ಅವರು ಕನ್ನಡಕ ತೆಗೆದು, ಕಣ್ಣು ಒರೆಸಿಕೊಳ್ಳುವಷ್ಟು ನಕ್ಕರು.

"ಆ ಮನುಷ್ಯನನ್ನು ನನ್ನ ಹತ್ತಿರ ಕಳಿಸಮ್ಮ. ಜೀವಂತ ಮೀನು ಸಾಗಿಸೋದು ನಮ್ಮ ಹುಡುಗರಿಗೆ ಕಲಿಸಲಿ." ಆಮೇಲೆ ನಗು ನಿಲ್ಲಿಸಿ, "ಚುಕ್ಕೆ ಅಳಿಸಿದ್ದು ಸರಿ. ಮನೆಯ ವಿಷಯ ನಿನಗೆ ಬಿಟ್ಟಿದ್ದು" ಎಂದರು.

ಮನೆಯ ವಿಷಯವನ್ನು ನಾನು ಹೇಡಿಯ ಹಾಗೆ ನಿಭಾಯಿಸಿದೆ. ಅಂದರೆ ಏನೂ ಹೇಳಲಿಲ್ಲ. ಅತ್ತೆಯೂ ಕೇಳಲಿಲ್ಲ. ಪ್ರಬಂಧ ಟೈಪಾಗಿ, ರಟ್ಟು ಕಟ್ಟಿ, ಮೈಸೂರಿಗೆ ಹೋಯಿತು. ನಾಗಮಂಗಲದ ಆ ಭಾಗದಲ್ಲಿ ಕೆಂಪು ಚುಕ್ಕೆ ಇರಲಿಲ್ಲ. ಮೊದಲು ಇತ್ತೆಂದು ಊರಿನ ಹಿರಿಯರು ಹೇಳುತ್ತಾರೆ, ಈಗ ಸಿಗಲಿಲ್ಲ ಎಂದು ಒಂದು ಸಾಲು ಮಾತ್ರ ಬರೆದಿದ್ದೆ.

ಮಾರ್ನಮಿ ಹತ್ತಿರ ಬಂತು. ಪಿತೃಪಕ್ಷದಲ್ಲಿ ಹಿರಿಯರಿಗೆ ಎಡೆ ಇಡುವ ಹಬ್ಬಕ್ಕೆ ಬರಬೇಕೆಂದು ಮಾವನಿಂದ ಒಂದು ಇನ್‌ಲ್ಯಾಂಡ್ ಪತ್ರ ಬಂತು. ಹಿಂದೆಯೂ ಪ್ರತಿ ವರ್ಷ ಬರುತ್ತಿತ್ತಂತೆ. ಯಜಮಾನರು ಓದಿ ಹೇಳಿದರು. ಅತ್ತೆ ಒಲೆಯ ಮುಂದೆ ಕೂತೇ ಕೇಳಿಸಿಕೊಂಡು, "ಎಲ್ರೂ ಹೋಗನ" ಎಂದರು. ನಾವಿಬ್ಬರೂ ಮುಖ ಮುಖ ನೋಡಿಕೊಂಡೆವು. ಅಲ್ಲಿ ಮಾವ ಚುಕ್ಕೆಯ ಮಾತೆತ್ತದೆ ಇರುತ್ತಾರೆಯೇ?

ಎತ್ತದೆ ಇರಲಿಲ್ಲ. ಮನೆಯ ಪಡಸಾಲೆಯಲ್ಲಿ ಎಡೆಗೆ ಎಲೆ ಹಾಕಿ, ಹಿರಿಯರ ಹೆಸರಲ್ಲಿ ಹೊಸ ಬಟ್ಟೆ ಇಟ್ಟು, ಕಳಶ ಇಟ್ಟಿದ್ದರು. ಅತ್ತೆ ಹೊಸಲು ದಾಟಿ ಒಳಗೆ ಬಂದು, ಗೋಡೆಗೆ ಒರಗಿ ಕೂತಿದ್ದರು. ಮಾವನ ಹೆಂಡತಿ ಒಳಗೆ ಮುದ್ದೆ ತೊಳಸುತ್ತಿದ್ದರು. ಮಾವ ನನ್ನ ಕಡೆ ತಿರುಗಿದರು.

"ಪುಸ್ತಕ ಮುಗೀತಂತಲ್ಲವ್ವ. ನಮ್ಮೂರಿಗೆ ಚುಕ್ಕೆ ಇಟ್ಟೆ ತಾನೇ?"

ನಾನು ಬಾಯಿ ತೆರೆದೆ. ಸುಳ್ಳೂ ಬರಲಿಲ್ಲ, ನಿಜವೂ ಬರಲಿಲ್ಲ. ಮಾವನ ಮುಖದ ನಗು ನಿಧಾನವಾಗಿ ಇಳಿಯಿತು.

"ಲೇ ಪುಟ್ಸಾಮಿ."

ಗೋಡೆಯ ಕಡೆಯಿಂದ ಬಂದ ದನಿ. ನಡುವೆ ನಾನಿರಲಿಲ್ಲ. ಹೇಳು ಅಂತ ಹೇಳು ಎಂಬುದಿರಲಿಲ್ಲ. ಮಾವ ಬೆಚ್ಚಿ ತಿರುಗಿದರು.

"ಹೊಳೆ ಮೀನು ತಂದು ಕೆರೆ ಮೀನು ಅಂತೀಯಲ್ಲ, ನಾಚ್ಕೆ ಆಗಲ್ವೇನ್ಲಾ ನಿಂಗೆ? ನಮ್ಮ ಕೆರೆ ಮಣ್ಣು ಕೆಂಪು. ನಿನ್ನ ಕ್ಯಾನಿನ ತಳದಲ್ಲಿ ಇದ್ದಿದ್ದು ಬಿಳಿ ಮರಳು. ಈ ಹುಡ್ಗಿ ಓದ್ದೋಳು, ಮೀಸೆ ನೋಡುದ್ಲು. ನಾನು ಮರಳು ನೋಡ್ದೆ. ಚುಕ್ಕೆ ಹೆಂಗಿಟ್ಟಾಳ್ಲಾ ಅವ್ಳು?"

ಮಾವ ತಲೆ ತಗ್ಗಿಸಿದರು. ಅವರು ಆಡಿದ್ದು ಮೀನಿನ ಮಾತಾಗಿರಲಿಲ್ಲ.

"ಅವತ್ತು ಕಾಯ್ಬೇಕಿತ್ತು ಕಣಕ್ಕಾ. ಎಲ್ರೂ ಬಿಸ್ಲು ಏರ್ತದೆ, ಎತ್ತು ಎತ್ತು ಅಂದ್ರು. ನಂಗೆ ಬೇಡ ಅನ್ನೋ ಧೈರ್ಯ ಬರ್ನಿಲ್ಲ. ದಾರಿ ನೋಡ್ತಾನೇ ಎತ್ತುದೆ."

"ಹೂಂ. ಕಾಯ್ಬೇಕಿತ್ತು" ಎಂದರು ಅತ್ತೆ. ಪರವಾಗಿಲ್ಲ ಬಿಡು ಎಂದೇನೂ ಹೇಳಲಿಲ್ಲ. ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಾ ಬಿಚ್ಚುತ್ತಾ ಕೂತಿದ್ದರು. ಆಮೇಲೆ ತೀರಾ ಸಣ್ಣ ದನಿಯಲ್ಲಿ ಕೇಳಿದರು.

"ಯಾವ ಸೀರೆ ಉಡ್ಸಿದ್ರಿ?"

ಮಾವ ತಲೆ ಎತ್ತಿದರು. "ಹಸಿರುದ್ದು. ನೀನು ಕೊಟ್ಟಿದ್ಯಲ್ಲ, ಅದು. ಬದುಕಿರೋವಾಗ ಉಡ್ತಿರ್ನಿಲ್ಲ, ಜೋಪಾನ ಮಾಡಿ ಇಟ್ಟಿದ್ಲು."

"ಮುಖ?"

"ನಿದ್ದೆ ಮಾಡೋರಂಗೆ ಇತ್ತು ಕಣಕ್ಕಾ. ಸಂಕ್ಟ ಇರ್ನಿಲ್ಲ. ಬಾಯಿ ಒಸಿ ತೆರ್ದಿತ್ತು, ನಾನೇ ಮುಚ್ಚುದೆ. ತಲೆಗೆ ಎಣ್ಣೆ ಹಚ್ಚಿ ಬಾಚಿದ್ಲು ನಮ್ಮೋಳು. ಹಣೆ ಇನ್ನೂ ಬೆಚ್ಚಗಿತ್ತು ಬೆಳಗ್ಗೆ ನಾನು ಮುಟ್ದಾಗ."

ಅತ್ತೆ ಒಂದೊಂದನ್ನೇ ಕೇಳಿದರು. ತಲೆ ಯಾವ ದಿಕ್ಕಿಗಿತ್ತು, ಯಾರು ಯಾರು ಹೊತ್ತರು, ಕೊನೆಗೆ ನೀರು ಬಿಟ್ಟವರು ಯಾರು, ಏನಾದರೂ ಅಂದಳೇ. ಮಾವ ಒಂದೊಂದಕ್ಕೂ ನೆನಪು ಮಾಡಿಕೊಂಡು, ತಪ್ಪಿದರೆ ತಿದ್ದಿಕೊಂಡು ಹೇಳಿದರು. ಒಳಗೆ ಮುದ್ದೆ ತೊಳಸುವ ಸದ್ದು ನಿಂತಿತ್ತು. ಕೇಳುತ್ತಾ ಕೇಳುತ್ತಾ ಅತ್ತೆ ಕಣ್ಣು ಮುಚ್ಚಿಕೊಂಡರು. ಹನ್ನೊಂದು ವರ್ಷ ತಡವಾಗಿ, ತಮ್ಮನ ಮಾತಿನಲ್ಲಿ, ಅವರು ತಾಯಿಯ ಮುಖ ನೋಡುತ್ತಿದ್ದಾರೆಂದು ನನಗೆ ಅರ್ಥವಾಯಿತು.

ಕೇಳುವುದೆಲ್ಲ ಮುಗಿದ ಮೇಲೆ ಕಣ್ಣೊರೆಸಿಕೊಂಡು ಎದ್ದರು. ಎಡೆಗೆ ತಾವೇ ಧೂಪ ಹಾಕಿ ಅಡ್ಡಬಿದ್ದರು. ಆಮೇಲೆ ತಮ್ಮನ ಪಕ್ಕದಲ್ಲೇ ಎಲೆ ಎಳೆದುಕೊಂಡು ಕೂತು, ಮೊದಲು ಲೋಟ ಎತ್ತಿ ನೀರು ಕುಡಿದರು. ಪೂರ್ತಿ ಲೋಟ, ನಿಲ್ಲಿಸದೆ.

"ಇನ್ನೊಂದು ಲೋಟ ಕೊಡು ಕಣ್ಲಾ" ಎಂದರು.